ಗರ್ಭಕೋಶದೊಳಗಿನ ಅಂಟುಗಳಿಗೆ ಸ್ಟೆಮ್ ಸೆಲ್ ಚಿಕಿತ್ಸೆ: ಅನುಭವವಿದ್ದವರು ತಿಳಿಸಿ

ಪ್ರಶ್ನೆ: ಗರ್ಭಪಾತದ ನಂತರ ಡಿ ಅಂಡ್ ಸಿ (ಗರ್ಭಕೋಶದ ಒಳಭಾಗವನ್ನು ಕೆರೆದು ಶುಚಿಗೊಳಿಸುವ ವಿಧಾನ) ಮಾಡಿಸಿಕೊಂಡ ನನ್ನ ತಂಗಿಗೆ ಮುಟ್ಟು ಬಹುತೇಕ ನಿಂತುಹೋಗಿದೆ. ಆಶರ್‌ಮನ್ ಸಿಂಡ್ರೋಮ್, ಅಂದರೆ ಗರ್ಭಕೋಶದ ಒಳಗೋಡೆಗಳು ಒಂದಕ್ಕೊಂದು ಅಂಟಿಕೊಂಡಿವೆ ಎಂದಿದ್ದಾರೆ. ಅಂಟುಗಳನ್ನು ಬಿಡಿಸಿದರೂ ಒಳಪದರ ಬೆಳೆಯುತ್ತಿಲ್ಲ. ಈಗ ಒಂದು ಖಾಸಗಿ ಕೇಂದ್ರದವರು ದೊಡ್ಡ ಮೊತ್ತ ಕೇಳಿ ಸ್ಟೆಮ್ ಸೆಲ್ (ಹೊಸ ಕೋಶಗಳನ್ನು ಹುಟ್ಟಿಸಬಲ್ಲ ಮೂಲಕೋಶ) ಚಿಕಿತ್ಸೆ ಸೂಚಿಸಿದ್ದಾರೆ. ಒಪ್ಪಬಹುದೇ?

ಉತ್ತರ 1: ಹಣದ ಮಾತಿಗೆ ಮುಂಚೆ, ಕ್ಷಯದ ಪರೀಕ್ಷೆ ಆಗಿದೆಯೇ ಎಂದು ವಿಚಾರಿಸಿ. ನಮ್ಮ ದೇಶದಲ್ಲಿ ಡಿ ಅಂಡ್ ಸಿಯಂತೆಯೇ ಜನನಾಂಗದ ಕ್ಷಯವೂ ಗರ್ಭಕೋಶದ ಒಳಗೋಡೆಗಳನ್ನು ಅಂಟಿಸಿಬಿಡುತ್ತದೆ, ಮತ್ತು ಕೆಮ್ಮು, ಜ್ವರ ಯಾವುದೂ ಇಲ್ಲದೆಯೇ ಅದು ಇರಬಹುದು. ನನಗೆ ಅದು ಒಳಪದರದ ಬಯಾಪ್ಸಿಯಲ್ಲಿ ಪತ್ತೆಯಾಯಿತು. ಔಷಧದ ಅವಧಿ ಮುಗಿದ ಮೇಲೆಯೇ ವೈದ್ಯರು ಹಿಸ್ಟರೋಸ್ಕೋಪಿ (ಸಣ್ಣ ಕ್ಯಾಮೆರಾ ನಳಿಕೆಯಿಂದ ಗರ್ಭಕೋಶದ ಒಳಗೆ ನೋಡುವುದು) ಮಾಡಿ ಅಂಟುಗಳನ್ನು ಬಿಡಿಸಿದರು. ಗೋಡೆಗಳು ಮತ್ತೆ ಕೂಡಿಕೊಳ್ಳದಂತೆ ಕೆಲವು ದಿನ ಒಳಗೆ ಬಲೂನ್ ಇಟ್ಟು, ಒಳಪದರ ಬೆಳೆಸುವ ಈಸ್ಟ್ರೊಜೆನ್ ಹಾರ್ಮೋನ್ ಕೊಟ್ಟು, ಆಮೇಲೆ ಇನ್ನೊಮ್ಮೆ ಒಳಗೆ ನೋಡಿದರು. ತೀವ್ರ ಸ್ಥಿತಿಯಲ್ಲಿ ಅಂಟು ಮರಳುವುದು ಸಾಮಾನ್ಯವಾದ್ದರಿಂದ ಈ ಮರುಪರೀಕ್ಷೆಯನ್ನು ಬಿಡಬೇಡಿ. ನನಗೆ ಮುಟ್ಟು ಮರಳಿತು, ಗರ್ಭ ನಿಲ್ಲಲಿಲ್ಲ.

ಉತ್ತರ 2: ತಿಂಗಳು ತಿಂಗಳು ಉದುರಿ ಬೆಳೆಯುವ ಪದರಕ್ಕೆ ಅದರ ತಳದ ಪದರವೇ ಬೇರು. ಆ ಬೇರೇ ಕೆರೆದುಹೋಗಿದ್ದರೆ ಈಸ್ಟ್ರೊಜೆನ್ ಎಷ್ಟು ಕೊಟ್ಟರೂ ಚಿಗುರಲು ಏನೂ ಉಳಿದಿರುವುದಿಲ್ಲ. ಅದಕ್ಕೇ ಅಸ್ಥಿಮಜ್ಜೆಯ ಸ್ಟೆಮ್ ಸೆಲ್‌ಗಳನ್ನು ಬಳಸುವ ಯೋಚನೆ ಬಂದದ್ದು. 2011ರಲ್ಲಿ ಅಹಮದಾಬಾದಿನ ವೈದ್ಯರು ಹೀಗೆ ಚಿಕಿತ್ಸೆ ಪಡೆದ ಒಬ್ಬ ಮಹಿಳೆ ಐವಿಎಫ್ ಮೂಲಕ ಗರ್ಭ ಧರಿಸಿದುದನ್ನು ವರದಿ ಮಾಡಿದರು. 2014ರಲ್ಲಿ ದಿಲ್ಲಿಯ ಏಮ್ಸ್ ಪ್ರಕಟಿಸಿದ ಅಧ್ಯಯನದಲ್ಲಿ 6 ಮಹಿಳೆಯರ ಪೈಕಿ 5 ಮಂದಿಗೆ ಮುಟ್ಟು ಮರಳಿತ್ತು. 2016ರಲ್ಲಿ ಸ್ಪೇನಿನ ತಂಡವೊಂದು ರೋಗಿಯ ರಕ್ತದಿಂದಲೇ ಬೇರ್ಪಡಿಸಿದ ಕೋಶಗಳನ್ನು ಗರ್ಭಕೋಶದ ರಕ್ತನಾಳಗಳಿಗೆ ಸೇರಿಸಿತು. 2018ರಲ್ಲಿ ಚೀನಾದ ನಾನ್‌ಜಿಂಗ್‌ನಲ್ಲಿ ಹೊಕ್ಕುಳಬಳ್ಳಿಯ ಕೋಶಗಳನ್ನು ಕೊಲ್ಯಾಜೆನ್ ಪದರದ ಮೇಲೆ ಇರಿಸಿ ಒಳಗೆ ಹಾಕಿದಾಗ, 26 ಮಹಿಳೆಯರಲ್ಲಿ 10 ಮಂದಿ ಗರ್ಭಿಣಿಯಾಗಿ 8 ಮಂದಿಗೆ ಹೆರಿಗೆಯಾಯಿತು. ಇವು ನಿಜವಾಗಿಯೂ ಆಶೆ ಹುಟ್ಟಿಸುವ ಫಲಿತಾಂಶಗಳೇ. ಆದರೆ ಎಲ್ಲವೂ ಸಣ್ಣ ಅಧ್ಯಯನಗಳು. ಈ ಕೋಶಗಳನ್ನು ಪಡೆಯದ ಮತ್ತೊಂದು ಗುಂಪಿನೊಂದಿಗೆ ಹೋಲಿಸಿ ನೋಡಿರಲಿಲ್ಲ.

ಆದ್ದರಿಂದ ಇದು ಇನ್ನೂ ಪ್ರಯೋಗದ ಹಂತದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆಗಳಂಥ ಕೆಲವು ಒಪ್ಪಿತ ಬಳಕೆಗಳನ್ನು ಬಿಟ್ಟು ಸ್ಟೆಮ್ ಸೆಲ್ ಅನ್ನು ನೋಂದಾಯಿತ ಕ್ಲಿನಿಕಲ್ ಟ್ರಯಲ್‌ನ (ರೋಗಿಗಳ ಮೇಲೆ ನಡೆಸುವ ಚಿಕಿತ್ಸಾ ಪ್ರಯೋಗದ) ಹೊರಗೆ ರೋಗಿಗೆ ಕೊಡುವಂತಿಲ್ಲ. ಟ್ರಯಲ್‌ನ ಸಿಟಿಆರ್‌ಐ (ದೇಶದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಮತ್ತು ನೈತಿಕ ಸಮಿತಿಯ ಅನುಮತಿಯನ್ನು ಬರಹದಲ್ಲಿ ಕೇಳಿ. ಇವನ್ನು ತೋರಿಸದೆ ಹಣ ಕೇಳುವ ಕಡೆ ತಂಗಿಯನ್ನು ಕಳುಹಿಸಬೇಡಿ ಎಂದೇ ನಾನು ಹೇಳುತ್ತೇನೆ. ಪಿಆರ್‌ಪಿ ಎಂಬುದು ರಕ್ತದ ಪ್ಲೇಟ್‌ಲೆಟ್‌ಗಳಿಂದ ಮಾಡುವ ಬೇರೆಯೇ ವಿಧಾನ. ಅದನ್ನು ಸ್ಟೆಮ್ ಸೆಲ್ ಎಂದು ಹೇಳಿದರೆ ಅಲ್ಲಿಗೇ ನಿಲ್ಲಿಸಿ.

ಉತ್ತರ 3: ಒಂದು ಮಾತು ಸೇರಿಸುತ್ತೇನೆ. ಯಾವ ಚಿಕಿತ್ಸೆಯಿಂದಲೇ ಗರ್ಭ ನಿಂತರೂ, ಈ ತೊಂದರೆ ಇದ್ದವರಲ್ಲಿ ಮಾಸು ಗರ್ಭಕೋಶದ ಗೋಡೆಗೆ ಆಳವಾಗಿ ಅಂಟಿಕೊಂಡು ಹೆರಿಗೆಯ ವೇಳೆ ತೀವ್ರ ರಕ್ತಸ್ರಾವವಾಗುವ ಅಪಾಯ ಹೆಚ್ಚು. ಹಳೆಯ ಶಸ್ತ್ರಚಿಕಿತ್ಸೆಯ ವರದಿಯನ್ನು ಸ್ಕ್ಯಾನಿಂಗ್ ಮಾಡುವವರಿಗೆ ತೋರಿಸಿ, ರಕ್ತನಿಧಿ ಇರುವ ಆಸ್ಪತ್ರೆಯಲ್ಲೇ ಹೆಸರು ಬರೆಸಿ.