ಸಹಾಯ ಬೇಕು: ಈ 1966ರ ಶೆಲ್ಬಿ ಅಸಲಿಯೋ ನಕಲಿಯೋ?

ನಮಸ್ಕಾರ. ನಾನಿರುವುದು ಡೆಟ್ರಾಯಿಟ್ ಹತ್ತಿರ. ಇಲ್ಲೊಬ್ಬರು 1966ರ ಶೆಲ್ಬಿ ಜಿಟಿ350ಎಚ್ ಮಸ್ಟಾಂಗ್ ಮಾರುತ್ತಿದ್ದಾರೆ. ಫೋರ್ಡ್‌ನ ಮಸ್ಟಾಂಗ್ ಕಾರನ್ನೇ ಶೆಲ್ಬಿ ಕಂಪನಿ ಮಾರ್ಪಡಿಸಿದ್ದು. ಹರ್ಟ್ಜ್ ಕಂಪನಿ ಬಾಡಿಗೆಗೆಂದೇ ಸುಮಾರು 1000 ಮಾಡಿಸಿದ ಕಾರು ಅದು. ಕಪ್ಪು ಬಣ್ಣ, ಚಿನ್ನದ ಪಟ್ಟೆ, 289 ಕ್ಯೂಬಿಕ್ ಇಂಚಿನ ವಿ8 ಎಂಜಿನ್. ನೋಡಿದ ತಕ್ಷಣ ಮನಸ್ಸು ಸೋತಿತು.

ಆದರೆ ಮಾಮೂಲಿ ಮಸ್ಟಾಂಗ್‌ಗೆ ಪಟ್ಟೆ ಬಳಿದು ಶೆಲ್ಬಿ ಅಂತ ಮಾರುವವರೂ ಇದ್ದಾರೆ, ಅಲ್ವಾ? ಬಾನೆಟ್ ಎತ್ತಿ ನೋಡಿದೆ. ಎಸ್‌ಎಫ್‌ಎಂ6ಎಸ್ ಎಂದು ಶುರುವಾಗುವ ಶೆಲ್ಬಿ ನಂಬರಿನ ತಗಡು ಇದೆ. ತಗಡು ಹಳೆಯದು, ಅಂಚು ಮಾಸಿದೆ. ಅದನ್ನು ಹಿಡಿದಿರುವ ರಿವೆಟ್‌ಗಳು ಮಾತ್ರ ಹೊಸದರಂತೆ ಹೊಳೆಯುತ್ತಿವೆ! ಬೇರೆ ಕಾರಿನ ತಗಡು ತಂದು ಇಲ್ಲಿ ಹೊಡೆದಿದ್ದಾರಾ ಅಂತ ನನ್ನ ಅನುಮಾನ.

ಆ ತಗಡಿನ ಅಡಿಯಲ್ಲಿ ಫೋರ್ಡ್ ಕಾರ್ಖಾನೆ ಒತ್ತಿದ ಮೂಲ ನಂಬರನ್ನು ತಗಡು ಬಿಚ್ಚದೆ ನೋಡಲು ದಾರಿ ಇದೆಯಾ? ಹಳೇ ಶೆಲ್ಬಿ ಬಲ್ಲವರು ಯಾರಾದರೂ ಶನಿವಾರ ಜೊತೆಗೆ ಬರ್ತೀರಾ? ಪೆಟ್ರೋಲು, ಊಟ ನನ್ನದು. ದಯವಿಟ್ಟು ತಿಳಿಸಿ.