ಪದ ಬೇಕು: 'ಎಸ್ಕ್ರೋ'ಗೆ ಕನ್ನಡದಲ್ಲಿ ಏನನ್ನೋಣ? (ಸೋಮವಾರದೊಳಗೆ)

ಸಾಗರದಿಂದ, ಶುಕ್ರವಾರ ರಾತ್ರಿ

ಬಳಗದ ಎಲ್ಲರಿಗೂ ನಮಸ್ಕಾರ. ಅವಸರದಲ್ಲಿ ಬರೆಯುತ್ತಿದ್ದೇನೆ. ಬಿಟ್‌ಕಾಯಿನ್ ಕೊಟ್ಟು ಸಾಮಾನು ಕೊಳ್ಳುವ, ಮಾರುವ ಒಂದು ಜಾಲತಾಣದ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಒಪ್ಪಿಸಬೇಕು. ಉಳಿದದ್ದೆಲ್ಲ ಹೇಗೋ ಆಯಿತು. 'ಎಸ್ಕ್ರೋ' ಹತ್ತಿರ ಬಂದು ನಿಂತಿದ್ದೇನೆ.

ವಿಷಯ ಇಷ್ಟು. ಸೊರಬದಲ್ಲಿರುವ ಒಬ್ಬರು ಹಳೇ ಕ್ಯಾಮೆರಾ ಕೊಳ್ಳುತ್ತಾರೆ ಅಂದುಕೊಳ್ಳಿ. ಮಾರುವವರು ಪೋರ್ಚುಗಲ್‌ನಲ್ಲಿದ್ದಾರೆ. ಒಬ್ಬರ ಮುಖ ಒಬ್ಬರು ಕಂಡಿಲ್ಲ. ಬಿಟ್‌ಕಾಯಿನ್ ಒಮ್ಮೆ ಕಳಿಸಿ, ಅದು ಲೆಕ್ಕದಲ್ಲಿ ದಾಖಲಾಯಿತು ಅಂದರೆ ಮುಗಿಯಿತು. ವಾಪಸ್ ತರಿಸಿಕೊಡುವ ಬ್ಯಾಂಕ್ ಇಲ್ಲ. ಕಾರ್ಡಿನಲ್ಲಿ ಕೊಟ್ಟ ದುಡ್ಡಿನ ಹಾಗೆ ತಕರಾರು ಹಾಕುವುದಕ್ಕೂ ಬರುವುದಿಲ್ಲ. ಅದಕ್ಕೇ ಇಲ್ಲಿ ಹಣ ನೇರವಾಗಿ ಮಾರುವವರಿಗೆ ಹೋಗುವುದಿಲ್ಲ. ಮೂರು ಬೀಗದಕೈ ಇರುವ ಒಂದು ವಿಳಾಸದಲ್ಲಿ ನಿಲ್ಲುತ್ತದೆ. ಒಂದು ಕೊಳ್ಳುವವರ ಹತ್ತಿರ, ಒಂದು ಮಾರುವವರ ಹತ್ತಿರ, ಒಂದು ಮಧ್ಯಸ್ಥರ ಹತ್ತಿರ. ಮೂರರಲ್ಲಿ ಯಾವ ಎರಡು ಕೂಡಿದರೂ ಹಣ ಹೊರಡುತ್ತದೆ. ಕ್ಯಾಮೆರಾ ಸರಿಯಾಗಿ ಬಂದರೆ ಕೊಳ್ಳುವವರೂ ಮಾರುವವರೂ ತಮ್ಮ ತಮ್ಮ ಬೀಗದಕೈಯಿಂದ ಸಹಿ ಹಾಕುತ್ತಾರೆ, ಮಧ್ಯಸ್ಥರಿಗೆ ಕೆಲಸವೇ ಇಲ್ಲ. ಜಗಳ ಬಂತು ಅಂದರೆ ಅವರು ಯಾರ ಜೊತೆ ಸಹಿ ಹಾಕುತ್ತಾರೋ ಅವರಿಗೆ ಹಣ.

ಹೀಗೆ ನಡುವೆ ನಿಂತ ಹಣಕ್ಕೆ ಒಂದು ಹೆಸರು ಬೇಕು. ಅದನ್ನು 'ರಿಲೀಸ್' ಮಾಡುವ, ಅಂದರೆ ಮಾರುವವರಿಗೆ ಬಿಟ್ಟುಕೊಡುವ, ಬಟನ್ ಮೇಲೆ ಹಾಕುವುದಕ್ಕೂ ಅದೇ ಪದ ಹೊಂದಬೇಕು. ಚಿಕ್ಕದಾಗಿರಲಿ.

ಇನ್ನೊಂದು ಚಿಕ್ಕ ಪ್ರಶ್ನೆ. ಮೇಲೆ ಬೀಗದಕೈ ಅಂದೆನಲ್ಲ, ಒಡೆಯರ ಹತ್ತಿರ ಮಾತ್ರ ಇರುವ ಆ ಗುಟ್ಟಿನ ಸಂಖ್ಯೆ, ಅದರ ಇಂಗ್ಲಿಷ್ ಹೆಸರು 'ಪ್ರೈವೇಟ್ ಕೀ'. ಅದಕ್ಕೆ ಪತ್ರಿಕೆಗಳಲ್ಲಿ 'ಖಾಸಗಿ ಕೀಲಿ' ಅಂತ ಬರುತ್ತದೆ. ನಮ್ಮ ಕಡೆ ಬೀಗ, ಬೀಗದಕೈ. ಧಾರವಾಡದ ಕಡೆಯವರು ಕೀಲಿ ಅಂದರೆ ಬೀಗ ಅಂದುಕೊಳ್ಳುವುದಿಲ್ಲವೇ?

ಶಿವಮೊಗ್ಗದಿಂದ, ಶುಕ್ರವಾರ ರಾತ್ರಿ

ಅಕ್ಕಾ, ನಾನು ಬ್ಯಾಂಕಿನಲ್ಲಿ ಇದ್ದವನು. ಎಸ್ಕ್ರೋ ಅಂತಲೇ ಬಿಡಿ. ಮನೆ, ಫ್ಲ್ಯಾಟ್ ಮಾರಾಟದ ರೇರಾ ಕಾಯ್ದೆ ಬಂದ ಮೇಲೆ, ಬಿಲ್ಡರ್ ಗ್ರಾಹಕರಿಂದ ತಗೊಂಡ ಹಣದಲ್ಲಿ ನೂರಕ್ಕೆ 70ರಷ್ಟನ್ನು ಬೇರೆ ಖಾತೆಯಲ್ಲಿ ಇಡಬೇಕು. ಅದಕ್ಕೆ ಪೇಪರಿನವರೆಲ್ಲ 'ಎಸ್ಕ್ರೋ ಖಾತೆ' ಎಂದೇ ಬರೆಯುತ್ತಾರೆ. ಜನ ಓದುತ್ತಾರೆ. ಕನ್ನಡವೇ ಬೇಕು ಅಂದರೆ 'ಮಧ್ಯಸ್ಥ ಠೇವಣಿ'. ಇದರ ಮೇಲೆ ಚರ್ಚೆ ಬೇಕಿಲ್ಲ.

ತೀರ್ಥಹಳ್ಳಿಯಿಂದ, ಶನಿವಾರ ಬೆಳಿಗ್ಗೆ

ಚರ್ಚೆ ಬೇಕಿಲ್ಲ ಅಂತ ಹೇಳುವುದಕ್ಕೆ ಈ ಬಳಗ ಯಾಕೆ ಬೇಕು ಸಾರ್?

ಮೊದಲು ಮೂಲ ನೋಡೋಣ. ಎಸ್ಕ್ರೋ ಹಳೇ ಫ್ರೆಂಚಿನ ಪದ. ತೊಗಲಿನ ತುಂಡು, ಸುರುಳಿ ಎಂದು ಅರ್ಥ. ಇಂಗ್ಲಿಷಿನ 'ಸ್ಕ್ರೋಲ್' ಇದರದೇ ಒಡಹುಟ್ಟು. ಕರಾರು ಬರೆದ ಪತ್ರವನ್ನು ಮೂರನೆಯವರ ಕೈಗೆ ಕೊಟ್ಟಿರುತ್ತಿದ್ದರು. ಮಾತು ನಡೆದ ಮೇಲೆ ಅದು ಸೇರಬೇಕಾದವರಿಗೆ ಸೇರುತ್ತಿತ್ತು. ಅಂದರೆ ಮೊದಲು ನಡುವೆ ನಿಂತದ್ದು ಹಣವಲ್ಲ, ಪತ್ರ.

ನಮ್ಮಲ್ಲಿ ಇಂಥದ್ದಕ್ಕೆ ಒಂದು ಪದ ಮೊದಲಿಂದ ಇದೆ: ಸಂಚಕಾರ. ಈಗ 'ಪ್ರಾಣಕ್ಕೆ ಸಂಚಕಾರ' ಎನ್ನುವಲ್ಲಿ ಮಾತ್ರ ಉಳಿದಿದೆ. ಮೂಲದಲ್ಲಿ ಅದು ವ್ಯಾಪಾರ ಕುದುರಿದ ಗುರುತಿಗೆ ಕೊಡುವ ಮುಂಗಡ. ಸಂಸ್ಕೃತದ 'ಸತ್ಯಂಕಾರ' ನಮ್ಮ ಬಾಯಲ್ಲಿ ಸಂಚಕಾರ ಆಯಿತು, ತಮಿಳಿನಲ್ಲಿ ಅಚ್ಚಾರಂ ಆಯಿತು. ಸತ್ಯಂಕಾರವಾಗಿ ಪಡೆದ ಹಣವನ್ನು ಮಾತು ತಪ್ಪಿದರೆ ಎರಡರಷ್ಟು ಕೊಡಿಸಬೇಕು ಎಂದು ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ಪ್ರಾಣಕ್ಕೆ ಸಂಚಕಾರ ಬಂತು ಅಂದರೆ ಪ್ರಾಣದ ಮೇಲೆ ಯಾರೋ ಮುಂಗಡ ಕೊಟ್ಟಾಗಿದೆ, ಇನ್ನು ಒಯ್ಯುವುದೊಂದೇ ಬಾಕಿ ಎಂದು. ಎಂಥ ಪದ! ಇದನ್ನು ಬಳಸಿ ಬದುಕಿಸಿ ಅಂತ ನನ್ನ ಕೋರಿಕೆ.

ಕೊಪ್ಪದಿಂದ, ಶನಿವಾರ ಬೆಳಿಗ್ಗೆ

ಸಂಚಕಾರ ಬೇಡವೇ ಬೇಡ. 'ನಿಮ್ಮ ಹಣ ಸಂಚಕಾರದಲ್ಲಿದೆ' ಅಂತ ಕಂಡರೆ ಕೊಳ್ಳುವವರು ಅಲ್ಲಿಂದಲೇ ಓಡುತ್ತಾರೆ. ಅದೂ ಅಲ್ಲದೆ ಸಂಚಕಾರ ಹೋಗುವುದು ಮಾರುವವರ ಕೈಗೇ. ನಡುವಿನವರ ಕೈಗಲ್ಲ. ಹುರುಳೇ ಬೇರೆ.

'ಮಧ್ಯಸ್ಥ ಠೇವಣಿ'ಯಲ್ಲಿ ಮೊದಲನೆಯದು ಸಂಸ್ಕೃತ, ಎರಡನೆಯದು ಮರಾಠಿಯ 'ಠೇವ್'. ಕನ್ನಡದ್ದು ಎಲ್ಲಿದೆ ಅದರಲ್ಲಿ?

ನಮ್ಮಲ್ಲಿ 'ಇಡುಗಂಟು' ಇದೆ. ಎಲ್ಲರಿಗೂ ಗೊತ್ತು. ಅದೇ ದಾರಿಯಲ್ಲಿ 'ನಡುಗಂಟು'. ನಡುವೆ ಇಟ್ಟ ಗಂಟು. ಬಟನ್ ಮೇಲೆ 'ನಡುಗಂಟು ಬಿಡಿ'. ಎರಡೇ ಪದ. ಮುಗಿಯಿತು.

ಶಿವಮೊಗ್ಗದಿಂದ, ಶನಿವಾರ ಮಧ್ಯಾಹ್ನ

ನಾನು ಬ್ಯಾಂಕಿನವರಲ್ಲ, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ಕೊಪ್ಪದವರೇ, ನೀವು ಹೇಳುವ ಹಾಗೆ ಮರಾಠಿ, ಸಂಸ್ಕೃತ ತೆಗೆಯುತ್ತಾ ಹೋದರೆ ನನಗೆ ನಾಳೆ ಪುಸ್ತಕ ತೆರೆಯಲಿಕ್ಕೇ ಆಗುವುದಿಲ್ಲ. ಜಮಾ, ಬಾಕಿ, ವಸೂಲಿ, ದಲಾಲಿ ಅರಬ್ಬಿಯವು. ಖರ್ಚು, ರಸೀದಿ ಪಾರಸಿಯವು. ರಾಶಿ ಅಡಿಕೆಯ 'ರಾಶಿ' ಸಂಸ್ಕೃತ. ತೋಟದವರು ಮೂಟೆ ಇಳಿಸಿ, ರೇಟು ಏರುವ ತನಕ ಮಂಡಿಯಲ್ಲಿಟ್ಟು, ಅದರ ಮೇಲೆ ಮುಂಗಡ ತಗೊಂಡು ಹೋಗುತ್ತಾರೆ. ಅಷ್ಟೂ ವ್ಯವಹಾರ ಈ ಪದಗಳಲ್ಲೇ ನಡೆಯುತ್ತದೆ. ಯಾರಿಗೂ ಇವು ಪರದೇಶದವು ಅನಿಸಿಲ್ಲ.

ನನ್ನ ಪದ: ಅಮಾನತು. ಅರಬ್ಬಿಯಲ್ಲಿ ಇದಕ್ಕೆ ನಂಬಿಕೆ, ನಂಬಿ ಒಪ್ಪಿಸಿದ ವಸ್ತು ಎಂದು ಅರ್ಥ. 1894ರ ಕಿಟ್ಟೆಲ್ ನಿಘಂಟು ತೆರೆದು ನೋಡಿ. ಎಸ್ಕ್ರೋ ಅಂದರೆ ಇದೇ ಅಲ್ವಾ?

ಕೊಪ್ಪದಿಂದ, ಶನಿವಾರ ಮಧ್ಯಾಹ್ನ

ಇವತ್ತು ಅಮಾನತು ಅಂದರೆ ನೌಕರನನ್ನು ಕೆಲಸದಿಂದ ದೂರ ಇಡುವುದು. 'ನಿಮ್ಮ ಹಣ ಅಮಾನತಿನಲ್ಲಿದೆ' ಅಂದರೆ ಹಣ ಏನು ತಪ್ಪು ಮಾಡಿತು ಅಂತ ಕೇಳುತ್ತಾರೆ. ನಿಘಂಟಿನಲ್ಲಿ ಇರುವುದು ಬೇರೆ, ಬಾಯಲ್ಲಿ ಇರುವುದು ಬೇರೆ.

ಬಂದು ನೆಲೆಸಿದ ಪದಗಳನ್ನು ಹೊರಗೆ ಹಾಕಿ ಎಂದು ನಾನು ಹೇಳಿಲ್ಲ. ಬಾಕಿ, ಜಮಾ ಇರಲಿ. ಹೊಸದಾಗಿ ಪದ ಕಟ್ಟುವಾಗ ಕನ್ನಡದಿಂದ ಕಟ್ಟಿ ಎನ್ನುತ್ತಿದ್ದೇನೆ. ಇವೆರಡರ ನಡುವಿನ ಗೆರೆ ಕಾಣದವರ ಜೊತೆ ಮಾತಾಡುವುದು ಕಷ್ಟ.

ತೀರ್ಥಹಳ್ಳಿಯಿಂದ, ಶನಿವಾರ ಸಂಜೆ

'ಗಂಟು' ಗ್ರಂಥಿಯ ತದ್ಭವ ಎಂದು ಶಾಲೆಯ ವ್ಯಾಕರಣದಲ್ಲೇ ಇದೆ. ನಿಮ್ಮ ಅಚ್ಚಗನ್ನಡದ ಅರ್ಧ ಅಲ್ಲಿಗೇ ಹೋಯಿತಲ್ಲ?

ಕೊಪ್ಪದಿಂದ, ಶನಿವಾರ ಸಂಜೆ

ತದ್ಭವದ ಪಟ್ಟಿ ಮಾಡಿದವರಿಗೆ ಕನ್ನಡದ್ದೆಲ್ಲ ಸಂಸ್ಕೃತದ್ದಾಗಿಯೇ ಕಂಡಿದೆ. ಅದನ್ನು ನಾನು ಒಪ್ಪುವುದಿಲ್ಲ ಮೇಷ್ಟ್ರೇ.

ಹೊಸನಗರದಿಂದ, ಶನಿವಾರ ರಾತ್ರಿ

ಇಬ್ಬರೂ ಸ್ವಲ್ಪ ತಡೆಯಿರಿ. ಸಾಗರದ ಅಕ್ಕ ಸೋಮವಾರ ಕೊಡಬೇಕು. ಈ ವ್ಯವಸ್ಥೆಯ ಜೊತೆ ಕೆಲಸ ಮಾಡುವವನು ನಾನು, ಒಂದೆರಡು ಮಾತು ಹೇಳುತ್ತೇನೆ.

2010ರ ಮೇ 22ರಂದು ಫ್ಲಾರಿಡಾದ ಲಾಸ್ಲೊ ಹಾನ್ಯೆಟ್ಸ್ 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡರು. ಬಿಟ್‌ಕಾಯಿನ್ ಕೊಟ್ಟು ಸಾಮಾನು ಕೊಂಡ ಕತೆ ಹೇಳುವವರೆಲ್ಲ ಇಲ್ಲಿಂದಲೇ ಶುರು ಮಾಡುತ್ತಾರೆ. ಅಲ್ಲಿ ಎಸ್ಕ್ರೋ ಇರಲಿಲ್ಲ, ಬರೀ ನಂಬಿಕೆ. ವ್ಯಾಪಾರ ಬೆಳೆದು ಗುರುತಿಲ್ಲದವರು ಸೇರಿದ ಮೇಲೆ ನಡುವೆ ಹಣ ನಿಲ್ಲಿಸುವುದು ಬೇಕಾಯಿತು. 2016ರಲ್ಲಿ ಶುರುವಾಗಿ 2021ರಲ್ಲಿ ಮುಚ್ಚಿದ ಓಪನ್‌ಬಜಾರ್ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಈ ಮೂರರಲ್ಲಿ ಎರಡು ಸಹಿಯ ಏರ್ಪಾಡೇ ಇತ್ತು. ಅಲ್ಲಿ ಮಧ್ಯಸ್ಥರನ್ನು 'ಮಾಡರೇಟರ್' ಎನ್ನುತ್ತಿದ್ದರು.

ಇದರಲ್ಲಿ ಪದಕ್ಕೆ ಬೇಕಾದ ಅಂಶ ಒಂದಿದೆ. ಠೇವಣಿ, ಅಮಾನತು ಎರಡರಲ್ಲೂ ಯಾರೋ ಒಬ್ಬರು ಹಣ 'ಇಟ್ಟುಕೊಂಡಿದ್ದಾರೆ'. ಇಲ್ಲಿ ಯಾರೂ ಇಟ್ಟುಕೊಂಡಿಲ್ಲ. ಮಧ್ಯಸ್ಥರು ಒಬ್ಬರೇ ಅದನ್ನು ಮುಟ್ಟಲಾರರು. ಇನ್ನೊಬ್ಬರ ಸಹಿ ಸೇರಲೇಬೇಕು. 'ಮಧ್ಯಸ್ಥರ ಬಳಿ ಇರುವ ಹಣ' ಎಂದು ಬರೆದರೆ ಓದುವವರು ತಪ್ಪು ತಿಳಿಯುತ್ತಾರೆ. ಈ ಲೆಕ್ಕದಲ್ಲಿ ಕೊಪ್ಪದವರ ಪದ ಸರಿಗೆ ಹತ್ತಿರ ಇದೆ. ನಡುವೆ ಇದೆ ಎನ್ನುತ್ತದೆ, ಯಾರ ಕೈಯಲ್ಲಿ ಎನ್ನುವುದಿಲ್ಲ.

ಬೀಗದಕೈ ವಿಚಾರಕ್ಕೆ ನೀವು ಹೇಳಿದ್ದು ಸರಿ. ಆ ಕಡೆ 'ಕೀಲಿ ಹಾಕು' ಅಂದರೆ ಬೀಗ ಹಾಕು. ತೆಗೆಯುವುದು ಕೀಲಿಕೈ. 'ಖಾಸಗಿ ಕೀಲಿಕೈ' ಅಂದರೆ ಎರಡೂ ಕಡೆ ನಡೆಯುತ್ತದೆ.

ಶಿವಮೊಗ್ಗದಿಂದ (ಬ್ಯಾಂಕ್), ಭಾನುವಾರ ಬೆಳಿಗ್ಗೆ

ಪದದ ಜೊತೆಗೆ ಇದನ್ನೂ ಕೈಪಿಡಿಯಲ್ಲಿ ಹಾಕಿ ಅಕ್ಕಾ. ನಮ್ಮ ಕಾನೂನಿನಲ್ಲಿ ಬಿಟ್‌ಕಾಯಿನ್‌ನಂಥ ಕ್ರಿಪ್ಟೋ 'ಹಣ' ಅಲ್ಲ. ಆದಾಯ ತೆರಿಗೆಯವರು ಅದನ್ನು 'ವರ್ಚುವಲ್ ಡಿಜಿಟಲ್ ಆಸ್ತಿ' ಎನ್ನುತ್ತಾರೆ. ಲಾಭದ ಮೇಲೆ 2022ರ ಏಪ್ರಿಲ್ 1ರಿಂದ ನೂರಕ್ಕೆ 30 ತೆರಿಗೆ. ಅದೇ ವರ್ಷ ಜುಲೈ 1ರಿಂದ ನೂರಕ್ಕೆ 1ರಷ್ಟು ತೆರಿಗೆ ಮೂಲದಲ್ಲೇ ಕಡಿತ (ಟಿಡಿಎಸ್). ಬಿಟ್‌ಕಾಯಿನ್ ಕೊಟ್ಟು ಕ್ಯಾಮೆರಾ ತಗೊಂಡರೂ ಅದು ಆಸ್ತಿ ಕೈಬದಲಾದ ಹಾಗೆಯೇ. ಇನ್ನು ಇಲ್ಲಿಂದ ಹೊರದೇಶಕ್ಕೆ ಮಾರುವವರು ರಫ್ತಿನ ದುಡ್ಡನ್ನು ಬ್ಯಾಂಕಿನ ಮೂಲಕವೇ ತರಬೇಕು ಎಂಬ ನಿಯಮ ಇದೆ. ಅದನ್ನು ಮರೆತು ಸಿಕ್ಕಿಬೀಳಬಾರದು.

ಕೊಪ್ಪದಿಂದ, ಭಾನುವಾರ ಬೆಳಿಗ್ಗೆ

ಕೇಳಿದ್ದು ಪದ, ತೆರಿಗೆಯಲ್ಲ. ಆದರೂ ನೀವು ಹೇಳಿದ್ದು ನನ್ನ ಮಾತಿಗೇ ಬಲ ಕೊಟ್ಟಿತು. ಅದು ಹಣ ಅಲ್ಲ ಅಂದ ಮೇಲೆ ಮಧ್ಯಸ್ಥ ಹಣ, ಮಧ್ಯಸ್ಥ ಠೇವಣಿ ಎಲ್ಲ ಬಿದ್ದುಹೋದವು. 'ಗಂಟು' ಹಣ ಎನ್ನುವುದಿಲ್ಲ.

ಶೃಂಗೇರಿಯಿಂದ, ಭಾನುವಾರ ಮಧ್ಯಾಹ್ನ

ತಡವಾಗಿ ಸೇರುತ್ತಿದ್ದೇನೆ. ಎಸ್ಕ್ರೋ ಬಗ್ಗೆ ನನಗೆ ಹೇಳಲು ಏನೂ ಇಲ್ಲ. ಆದರೆ ಈ ವ್ಯವಹಾರವೆಲ್ಲ ಬರೆದಿಡುವ 'ಬ್ಲಾಕ್‌ಚೈನ್ ಲೆಡ್ಜರ್'ಗೆ ಏನು ಹಾಕಿದ್ದೀರಿ? 'ಕಡತ' ಹಾಕಿ. ಈಗ ಕಚೇರಿಯ ಫೈಲಿಗೆ ಕಡತ ಅನ್ನುತ್ತೇವೆ, ನಿಜ. ಇಲ್ಲಿಯ ಮಠದಲ್ಲಿರುವ ಹಳೇ ಕಡತಗಳು ಬಟ್ಟೆಯವು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಒಂದು ಮಡಿಕೆಗೆ ಇನ್ನೊಂದು ಸೇರಿಕೊಂಡೇ ಇರುತ್ತದೆ, ನಡುವಿನ ಹಾಳೆ ಕಿತ್ತು ತೆಗೆಯುವ ಹಾಗಿಲ್ಲ. ಬ್ಲಾಕ್‌ಚೈನ್ ಅಂದರೂ ಅದೇ ತಾನೇ?

ಹೊಸನಗರದಿಂದ, ಭಾನುವಾರ ಮಧ್ಯಾಹ್ನ

ಮಡಿಕೆಯ ಮಾತು ಚೆನ್ನಾಗಿದೆ, ಕಡತದ ವಿವರಕ್ಕೆ ವಂದನೆ. ಆದರೆ ಬಳಪದಲ್ಲಿ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು, ಸ್ಲೇಟಿನ ಹಾಗೆ. ಇಲ್ಲಿ ಒರೆಸಲಾಗದಿರುವುದೇ ಮುಖ್ಯ. ಸುಮಾರು ಹತ್ತು ನಿಮಿಷಕ್ಕೆ ಒಂದು ಬ್ಲಾಕ್, ಅಂದರೆ ವ್ಯವಹಾರಗಳ ಒಂದು ಕಂತೆ, ಸೇರುತ್ತದೆ. ನಮ್ಮ ವ್ಯವಹಾರ ಸೇರಿದ ಬ್ಲಾಕನ್ನೂ ಲೆಕ್ಕಕ್ಕೆ ಹಿಡಿದು ಆರು ಬ್ಲಾಕ್ ಆದರೆ ಪಕ್ಕಾ ಎನ್ನುವುದು ರೂಢಿ. ಅಂದರೆ ಸುಮಾರು ಒಂದು ಗಂಟೆ. ಆಮೇಲೆ ಅದನ್ನು ಬದಲಿಸುವುದು ಆಗದ ಮಾತು. 'ಕಡತ' ಇಲ್ಲಿಗೆ ಹೊಂದುವುದಿಲ್ಲ.

ಶೃಂಗೇರಿಯಿಂದ, ಭಾನುವಾರ ಮಧ್ಯಾಹ್ನ

ಒರೆಸಬಹುದಿತ್ತು ಎಂದ ಮಾತ್ರಕ್ಕೆ ಒರೆಸುತ್ತಿದ್ದರು ಎಂದಲ್ಲ. ಇರಲಿ.

ಸಾಗರದಿಂದ, ಭಾನುವಾರ ರಾತ್ರಿ

ಎಲ್ಲರಿಗೂ ಧನ್ಯವಾದ. ಒಂದೊಂದನ್ನೂ ವಾಕ್ಯದಲ್ಲಿ ಇಟ್ಟು ನೋಡಿದೆ.

ಹೆಸರಾಗಿ 'ಎಸ್ಕ್ರೋ' ಉಳಿಸಿಕೊಂಡಿದ್ದೇನೆ. ಮೊದಲ ಸಲ ಬಂದಾಗ ಪಕ್ಕದಲ್ಲೇ 'ನಡುವೆ ತಡೆದಿಟ್ಟ ಮೊತ್ತ' ಎಂದು ಬಿಡಿಸಿ ಹೇಳಿದ್ದೇನೆ. ಮುಂದೆ ಎಲ್ಲ ಕಡೆ 'ತಡೆದಿಟ್ಟ ಮೊತ್ತ'. ಯಾರ ಬಳಿ ಎಂದು ಹೇಳಿಲ್ಲ, ಹೊಸನಗರದವರ ಮಾತಿನಂತೆ. ಹಣ ಎಂದೂ ಹೇಳಿಲ್ಲ. ನಡುಗಂಟು ನನಗೆ ತುಂಬಾ ಇಷ್ಟವಾಯಿತು. ಆದರೆ ಇದನ್ನು ಓದುವವರಲ್ಲಿ ಹೆಚ್ಚಿನವರು ಮೊದಲ ಸಲ ಈ ದಾರಿಗೆ ಬಂದವರು. ಹೊಸ ವ್ಯವಹಾರ, ಹೊಸ ಪದ ಎರಡನ್ನೂ ಒಟ್ಟಿಗೆ ಅವರ ತಲೆಗೆ ಹೊರಿಸಲು ನನಗೆ ಧೈರ್ಯ ಬರಲಿಲ್ಲ. ತಪ್ಪು ತಿಳಿದರೆ ಹೋಗುವುದು ಅವರ ದುಡ್ಡು.

ಜಾಸ್ತಿ ಯೋಚನೆ ಮಾಡಿದ್ದು ಬಟನ್ ಬಗ್ಗೆ. 'ಎಸ್ಕ್ರೋ ಬಿಡುಗಡೆ' ಎಂದು ಸುಮ್ನೆ ಹಾಕಿದ್ದರೆ, ಅದು ಒತ್ತಿದ ಮೇಲೇ ಪಾರ್ಸೆಲ್ ಹೊರಡುತ್ತದೆ ಎಂದು ತಿಳಿದು ಒತ್ತಿಬಿಡುವವರು ಇರುತ್ತಾರೆ. ಅಲ್ಲಿಗೆ ಕೈಯಲ್ಲಿದ್ದ ಒಂದೇ ಹಿಡಿತವೂ ಹೋಯಿತು. ಅದಕ್ಕೆ ಬಟನ್ ಮೇಲೆ ಹೀಗೆ ಹಾಕಿದ್ದೇನೆ: 'ಸಾಮಾನು ಬಂತು, ಮೊತ್ತ ಬಿಟ್ಟುಕೊಡಿ'. ಉದ್ದವಾಯಿತು, ಗೊತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ 'ಒತ್ತಿದ ಮೇಲೆ ವಾಪಸ್ ಬರುವುದಿಲ್ಲ' ಎಂದು ಇದೆ. ತೆರಿಗೆಯ ವಿಷಯ ಕೈಪಿಡಿಯ ಮೊದಲ ಪುಟಕ್ಕೆ ಹಾಕಿಸಲು ಜಾಲತಾಣದವರಿಗೆ ಬರೆದಿದ್ದೇನೆ.

ಕೊಪ್ಪದಿಂದ, ಭಾನುವಾರ ರಾತ್ರಿ

ಬಟನ್‌ಗೆ ಒಪ್ಪಿಗೆ ಇದೆ. ಹೆಸರಿಗೆ ಇಲ್ಲ. ಮೊದಲ ಸಲ ಬಂದವರಿಗೆ ಎಸ್ಕ್ರೋ ಕೂಡ ಹೊಸ ಪದವೇ. ಹೊಸದನ್ನು ಕಲಿಯಲೇಬೇಕು ಅಂದರೆ ಕನ್ನಡದ್ದನ್ನೇ ಕಲಿಯಲಿ ಎನ್ನುವುದು ನನ್ನ ಮಾತು. ಮುಂದಿನ ಆವೃತ್ತಿ ಬರುವಾಗ ತಿಳಿಸಿ, ಆಗ ಮತ್ತೆ ಕೇಳುತ್ತೇನೆ.