ಹಲವು ದಿನಗಳ ಬೆಟ್ಟದ ಚಾರಣಕ್ಕೆ ಎಂಥ ಬೂಟು ಸೂಕ್ತ?

ಪ್ರಶ್ನೆ:
ಒಂದೇ ದಿನದಲ್ಲಿ ಮುಗಿಯುವ ಚಾರಣಗಳನ್ನು ಇದುವರೆಗೆ ಓಟದ ಶೂಗಳಲ್ಲೇ ಮಾಡಿಕೊಂಡು ಬಂದಿರುವ ನಾನು, ಈಗ 12 ಕಿಲೋ ತೂಕದ ಚೀಲ ಹೊತ್ತು ಐದಾರು ದಿನ ಕಲ್ಲುಹಾದಿಯಲ್ಲಿ ನಡೆಯಬೇಕಾಗಿದೆ. ಪಾದದ ಗಂಟನ್ನು ಮುಚ್ಚುವಷ್ಟು ಎತ್ತರದ ಬೂಟು ಬೇಕೇ ಬೇಕೇ? ನೀರು ತಡೆಯುವ ಪೊರೆಯುಳ್ಳದ್ದನ್ನೇ ಕೊಳ್ಳಬೇಕೇ? ಬಹಳ ವರ್ಷಗಳ ಹಿಂದೆ ಕೊಂಡು, ಹೆಚ್ಚು ಬಳಸದೆ ಪೆಟ್ಟಿಗೆಯಲ್ಲಿಟ್ಟ ಒಂದು ಜೊತೆ ಬೂಟು ನನ್ನಲ್ಲಿದ್ದು, ನೋಡಲು ಹೊಸದರಂತೆಯೇ ಇದೆ; ಅದನ್ನೇ ಬಳಸಬಹುದೇ ಎಂಬುದನ್ನೂ ತಿಳಿಸಿ.

ಉತ್ತರ 1:
ಎತ್ತರ, ಪೊರೆ ಇವೆಲ್ಲ ಆಮೇಲಿನ ಮಾತು. ಮೊದಲು ನೋಡಬೇಕಾದದ್ದು ಅಳತೆ. ನಡೆದಂತೆಲ್ಲ ಪಾದ ಊದಿಕೊಳ್ಳುವುದರಿಂದ ಬೂಟನ್ನು ಸಂಜೆಯ ಹೊತ್ತಿನಲ್ಲಿ, ಚಾರಣಕ್ಕೆ ಬಳಸುವ ಕಾಲುಚೀಲವನ್ನೇ ತೊಟ್ಟು ಹಾಕಿ ನೋಡಬೇಕು. ಲೇಸು ಕಟ್ಟುವ ಮೊದಲು ಪಾದವನ್ನು ಮುಂದಕ್ಕೆ ತಳ್ಳಿದರೆ ಹಿಮ್ಮಡಿಯ ಹಿಂದೆ ಒಂದು ಬೆರಳು ತೂರುವಷ್ಟು ಜಾಗ ಉಳಿಯಬೇಕು. ಲೇಸು ಬಿಗಿದ ಮೇಲೆ ಹಿಮ್ಮಡಿ ಮೇಲೇಳಬಾರದು. ಇಳಿಜಾರಿನ ಹಲಗೆಯೋ ಮೆಟ್ಟಿಲೋ ಸಿಕ್ಕರೆ ಇಳಿದು ನೋಡಿ. ಬೆರಳ ತುದಿ ಬೂಟಿನ ಮೂತಿಗೆ ತಾಕಿದರೆ, ಅದು ಎಷ್ಟೇ ಹೆಸರುವಾಸಿಯಾದ ಬೂಟಾಗಿದ್ದರೂ ಬಿಟ್ಟುಬಿಡಿ, ಏಕೆಂದರೆ ಉದ್ದನೆಯ ಇಳಿತದಲ್ಲಿ ಉಗುರು ಕಪ್ಪಾಗುವುದು ಹೀಗೆಯೇ. ಮೊದಲು ಕಚ್ಚಿದರೂ ಆಮೇಲೆ ಹೊಂದಿಕೊಳ್ಳುತ್ತದೆ ಎಂದು ಮಾರುವವರು ಹೇಳುವುದುಂಟು. ದಪ್ಪ ಚರ್ಮದ ಬೂಟಿನ ಮಟ್ಟಿಗೆ ಅದು ತಕ್ಕಮಟ್ಟಿಗೆ ನಿಜ, ಆದರೆ ಚರ್ಮ ಮೆತ್ತಗಾದೀತೇ ಹೊರತು ಬೂಟು ಉದ್ದವಾಗದು.

ಅಳತೆ ಕೂಡಿಬಂದ ಮೇಲೆ ಅಟ್ಟೆಯನ್ನು ಪರೀಕ್ಷಿಸಿ. ಎರಡೂ ತುದಿ ಹಿಡಿದು ಒದ್ದೆ ಬಟ್ಟೆ ಹಿಂಡುವಂತೆ ತಿರುಚಿದಾಗ ಸುಲಭವಾಗಿ ಹೊರಳುವ ಬೂಟಿನಲ್ಲಿ, ನಿಮ್ಮಷ್ಟು ಭಾರ ಹೊತ್ತು ನಡೆದರೆ ಪ್ರತಿಯೊಂದು ಕಲ್ಲಿನ ಮೊನೆಯೂ ಅಂಗಾಲಿಗೆ ತಿಳಿಯುತ್ತದೆ.

ಉತ್ತರ 2:
ಹಳೆಯ ಬೂಟಿನ ಬಗ್ಗೆ ಎಚ್ಚರವಿರಲಿ. ಚಾರಣದ ಅನೇಕ ಬೂಟುಗಳಲ್ಲಿ ಅಟ್ಟೆಯ ನಡುವಿನ ಪದರವನ್ನು ಪಾಲಿಯುರೆಥೇನ್ ಎಂಬ ಒಂದು ಬಗೆಯ ಪ್ಲಾಸ್ಟಿಕ್ಕಿನಿಂದ ಮಾಡಿರುತ್ತಾರೆ. ಗಾಳಿಯ ತೇವದೊಂದಿಗೆ ನಿಧಾನವಾಗಿ ವರ್ತಿಸಿ ಅದು ವರ್ಷಗಳು ಕಳೆದಂತೆ ಶಿಥಿಲವಾಗುತ್ತದೆ. ಬಳಸದೆ ಇಟ್ಟರೂ ಈ ಕ್ರಿಯೆ ನಿಲ್ಲುವುದಿಲ್ಲ. ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿದ್ದು, ನಡುದಾರಿಯಲ್ಲಿ ಅಟ್ಟೆ ಇಡಿಯಾಗಿ ಕಳಚಿಬೀಳುವುದು ಇದರಿಂದಲೇ. ಆ ಪದರವನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ಬಿರುಕು ಕಂಡರೆ ಅಥವಾ ಪುಡಿ ಉದುರಿದರೆ ಬೂಟನ್ನು ಕೈಬಿಡಿ. ಏನೂ ಕಾಣದಿದ್ದರೂ ಭಾರ ಹೊತ್ತು ಕೆಲವು ಗಂಟೆ ಮನೆಯ ಸುತ್ತಮುತ್ತಲೇ ನಡೆದು ನೋಡುವುದು ಕ್ಷೇಮ.

ಉತ್ತರ 3:
ಪೊರೆ ಎಲ್ಲ ಕಡೆಗೂ ಒಳ್ಳೆಯದೆಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಚಳಿ, ಹಿಮ, ಒದ್ದೆ ಹುಲ್ಲು ಇರುವಲ್ಲಿ ಅದು ನಿಜಕ್ಕೂ ಕಾಪಾಡುತ್ತದೆ. ಆದರೆ ಹೊಳೆ ದಾಟುವಾಗ ಮೇಲಂಚಿನಿಂದ ನೀರು ಒಳಹೊಕ್ಕರೆ ಅಂಥ ಬೂಟು ಒಣಗಲು ಬಹಳ ಹೊತ್ತು ಬೇಕು, ಸೆಕೆಯಲ್ಲಂತೂ ಬೆವರಿನಿಂದಲೇ ಪಾದ ನೆನೆಯುತ್ತದೆ. ನೆನೆದ ಚರ್ಮದಲ್ಲಿ ಗುಳ್ಳೆ ಏಳುವುದು ಬೇಗ. ಆದ್ದರಿಂದ ಬಿಸಿ ಹವೆಯ ಹಾದಿಗೆ ಪೊರೆಯಿಲ್ಲದ, ಬೇಗ ಒಣಗುವ ಬೂಟೇ ಮೇಲು. ಎತ್ತರದ ಬೂಟು ಗಂಟನ್ನು ಕಲ್ಲಿನ ಪೆಟ್ಟಿನಿಂದ ಕಾಯುತ್ತದೆ, ಹೊರಳುವುದನ್ನು ಪೂರ್ತಿ ತಡೆಯುತ್ತದೆಂದು ಮಾತ್ರ ನೆಚ್ಚಿಕೊಳ್ಳಬೇಡಿ. ಯಾವುದನ್ನೇ ಕೊಂಡರೂ ಹೊರಡುವ ಕೆಲವು ವಾರಗಳ ಮೊದಲೇ ತೊಟ್ಟು ಓಡಾಡಿ. ಎಲ್ಲಿ ಉಜ್ಜುತ್ತದೆಂದು ಆಗಲೇ ಗೊತ್ತಾಗುವುದರಿಂದ, ಆ ಜಾಗಕ್ಕೆ ಮೊದಲ ದಿನದಿಂದಲೇ ಪಟ್ಟಿ ಅಂಟಿಸಿಕೊಳ್ಳಬಹುದು.